ತೂಗಿ ಉರಿಸಿದ ಗ್ಯಾಸು

ಮೊನ್ನೆ ಕರೆಂಟಿನ ಬಿಲ್ಲು ಹುಡುಕುವಾಗ ಟ್ರಂಕಿನ ತಳದಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಸಿಕ್ಕಿತು. ಹಳೆಯ ಕ್ಯಾಲೆಂಡರಿನ ಹಿಂಬದಿ. ಒಂದು ಮೂಲೆಗೆ ಅರಿಸಿನದ ಬೆರಳು ಮೂಡಿದೆ, ಇನ್ನೊಂದು ಮೂಲೆ ಎಣ್ಣೆ ಕುಡಿದು ಪಾರದರ್ಶಕವಾಗಿದೆ. ಬಿಡಿಸಿ ನೋಡಿದರೆ ನನ್ನದೇ ಅಕ್ಷರ. ‘ಗ್ಯಾಸ್: ಮೊದಲು ಯಾವುದು, ಆಮೇಲೆ ಯಾವುದು’ ಎಂದು ಮೇಲೆ ದಪ್ಪಗೆ ಬರೆದು, ಅದರ ಕೆಳಗೆ ಎರಡೆರಡು ಗೆರೆ ಎಳೆದಿದ್ದೇನೆ. ಒಂದರಿಂದ ಹನ್ನೊಂದರವರೆಗೆ ಅಂಕಿ ಹಾಕಿದ ಪಟ್ಟಿ. ಬಿಲ್ಲು ಸಿಗಲಿಲ್ಲ. ನಾನೂ ಆಮೇಲೆ ಹುಡುಕಲಿಲ್ಲ, ಆ ಪಟ್ಟಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಗ್ಯಾಸಿನ ತುಟಾಗ್ರತೆಯ ಆ ದಿನಗಳು ನಿಮಗೂ ನೆನಪಿರಬೇಕು. ಎಲ್ಲೋ ದೂರದ ಸಮುದ್ರದಲ್ಲಿ ಹಡಗುಗಳು ನಿಂತವಂತೆ, ಅದಕ್ಕೆ ನಮ್ಮ ರಬಕವಿಯಲ್ಲಿ ಸಿಲಿಂಡರ್ ಬರುತ್ತಿಲ್ಲವಂತೆ. ನನ್ನ ಗೆಳೆಯ ಬಸಪ್ಪಣ್ಣನಿಗೆ ಈ ಮಾತು ತಲೆಗೆ ಹೋಗಲೇ ಇಲ್ಲ. ಅವನೂ ನನ್ನ ಹಾಗೆ ನೇಕಾರ, ನನಗಿಂತ ನಾಲ್ಕು ವರ್ಷ ದೊಡ್ಡವನು. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, “ಹುಟ್ಟಿದಾಗಿಂದ ಕೃಷ್ಣಾ ಹೊಳಿ ಬಿಟ್ಟ ಬ್ಯಾರೆ ನೀರ ನೋಡಿಲ್ಲೋ ನಾ. ಆ ಹಡಗಕ್ಕೂ ನನ್ನ ಚಾಕ್ಕೂ ಏನ ಸಂಬಂಧ?” ಎಂದು ಎಲ್ಲರನ್ನೂ ಕೇಳುತ್ತಿದ್ದ. ಉತ್ತರ ಸಿಗದಿದ್ದಾಗ ಅವನಿಗೆ ಪೌರುಷ ಬರುತ್ತಿತ್ತು. “ಚಿಕ್ಕಪಡಸಲಗಿ ಕಡೆ ರೈತರು ಸರಕಾರದ ದಾರಿ ಕಾಯಲಿಲ್ಲ. ತಾವ ಕೂಡಿ ಹೊಳಿಗೆ ಅಡ್ಡ ಕಟ್ಟಿದ್ರು. ಅಂಥಾ ನಾಡಿನ್ಯಾಗ ಹುಟ್ಟಿ ಒಂದ ಸಿಲಿಂಡರಿಗೆ ಅಂಜೂದೇನ?”

“ನೀರ ಅಡ್ಡ ಕಟ್ಟಬಹುದು ಬಸಪ್ಪಣ್ಣಾ, ಗ್ಯಾಸ್ ಹೆಂಗ ಅಡ್ಡ ಕಟ್ತಿ?” ಎಂದೆ ನಾನು.

ಅವನು ಕಪ್ಪು ಖಾಲಿಯಾಗುವವರೆಗೆ ವಿಚಾರ ಮಾಡಿ, “ಅದೂ ಖರೆ” ಎಂದ. ಅದೇ ವಾರ ಚಹಾದಂಗಡಿಯವನ ಸಿಲಿಂಡರೂ ಮುಗಿದು, ಅಂಗಡಿಗೆ ಗೋಣಿತಟ್ಟಿನ ಪರದೆ ಬಿತ್ತು. ಅಲ್ಲಿಗೆ ನನ್ನ ದಿನದ ನಾಲ್ಕು ಚಹಾಗಳಲ್ಲಿ ನಾಲ್ಕೂ ಮನೆಯ ಒಲೆಯ ಮೇಲೆಯೇ ಆಗಬೇಕು ಎನ್ನುವ ಪ್ರಸಂಗ ಬಂತು. ನನ್ನ ಕಷ್ಟ ಶುರುವಾಗಿದ್ದು ಅಲ್ಲಿಂದ.

ನಮ್ಮ ಮನೆಯಲ್ಲಿ ಮೂವರು. ಎಂಬತ್ತು ದಾಟಿದ ನಮ್ಮವ್ವ, ನನ್ನ ಹೆಂಡತಿ ಕಸ್ತೂರಿ, ಮತ್ತು ನಾನು. ಇವರಲ್ಲದೆ ಎರಡು ಪವರ್‌ಲೂಮು ಇವೆ, ಅವುಗಳನ್ನೂ ಸೇರಿಸಿ ಐದು ಮಂದಿ ಎಂದರೂ ತಪ್ಪಿಲ್ಲ, ಯಾಕೆಂದರೆ ಮನೆಯೊಳಗೆ ಎಲ್ಲರಿಗಿಂತ ಹೆಚ್ಚು ಮಾತಾಡುವವು ಅವೇ. ಎರಡನೆಯ ಮಗ್ಗ ಕೂರಿಸಲು ಜಾಗ ಸಾಲದೆ ಹಿಂದಿನ ಒಲೆಮನೆ ಕೆಡವಿಸಿದವನು ನಾನು. ಒಳ್ಳೆಯ ಎರಡು ಮಣ್ಣಿನ ಕೋಡೊಲೆ ಇದ್ದವು, ಕಟ್ಟಿಗೆ ಇಡುವ ಅಟ್ಟ ಇತ್ತು. “ಇನ್ನ ಮ್ಯಾಲ ಗ್ಯಾಸಿನ ಕಾಲ ಅವ್ವಾ, ಕಟ್ಟಿಗಿ ಕಾಲ ಮುಗೀತು” ಎಂದು ಭಾಷಣ ಮಾಡಿ ಕೆಡವಿಸಿದ್ದೆ. ಈಗ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚೋಣವೆಂದರೆ ಹೊಗೆಯೆಲ್ಲ ನೇರ ಮಗ್ಗದ ಮನೆಗೆ ನುಗ್ಗುತ್ತದೆ. ಬಿಳಿ ನೂಲಿಗೆ ಹೊಗೆ ಹತ್ತಿದರೆ ಸೀರೆ ತೊಗೊಳ್ಳುವವರು ಮೂಗಿಗೆ ಹಿಡಿದು ನೋಡಿ ತಿರುಗಿ ಕೊಟ್ಟುಬಿಡುತ್ತಾರೆ. ಹೀಗಾಗಿ ಗ್ಯಾಸ್ ಬಿಟ್ಟರೆ ನಮಗೆ ಗತಿ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಅವ್ವ ಬಾಯಿಬಿಟ್ಟು ಹೇಳಲಿಲ್ಲ, ಒಲೆಮನೆ ಇದ್ದ ಕಡೆ ಒಮ್ಮೆ ನೋಡಿ ನನ್ನ ಕಡೆ ಒಮ್ಮೆ ನೋಡಿದಳು.

ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಮನೆಗೊಂದು ಪದ್ಧತಿ ಇರುತ್ತದೆ. ಕೆಲವರು ಕಲ್ಲಂಗಡಿ ಹಣ್ಣಿನ ಹಾಗೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಕೆಲವರು ಹಸಿ ಬಟ್ಟೆ ಸವರಿ, ಎಲ್ಲಿಯವರೆಗೆ ಆರದೆ ಉಳಿಯುತ್ತದೆ ಎಂದು ನೋಡುತ್ತಾರೆ. ಬಸಪ್ಪಣ್ಣ ಅದನ್ನು ಎರಡೂ ಕೈಯಿಂದ ಅಪ್ಪಿ ಅರ್ಧ ಗೇಣು ಎತ್ತಿ, “ಇನ್ನ ಹದಿನೈದು ದಿನಕ್ಕ ಮೋಸ ಇಲ್ಲ” ಎನ್ನುತ್ತಾನೆ, ಮೂರನೇ ದಿನಕ್ಕೆ ಮುಗಿಯುತ್ತದೆ. ಆದರೆ ನಾವು ನೂಲಿನ ಮಂದಿ. ನೂಲು ಬಂದರೆ ತೂಗಿ ತೊಗೊಳ್ಳುತ್ತೇವೆ, ಸೀರೆ ಹೋದರೆ ತೂಗಿ ಕೊಡುತ್ತೇವೆ, ನಡುವೆ ಉದುರಿದ ಚೂರುನೂಲಿನ ಕಸರನ್ನೂ ತೂಗುತ್ತೇವೆ. ಮಗ್ಗದ ಮನೆಯಲ್ಲಿ ನೂಲಿನ ಚೀಲ ತೂಗುವ ಕೊಕ್ಕೆಯ ಕಾಟಾ ಇರುವಾಗ ಸಿಲಿಂಡರ್ ತಟ್ಟುವ ದರಿದ್ರ ನನಗೇನಿತ್ತು? ತೊಲೆಗೆ ಕಾಟಾ ತೂಗುಹಾಕಿ, ಅದಕ್ಕೆ ಸಿಲಿಂಡರಿನ ಕೊರಳು ಸಿಕ್ಕಿಸಿ ಎತ್ತಿದೆ. ಖಾಲಿ ಸಿಲಿಂಡರಿನ ತೂಕ ಅದರ ಕೊರಳಿನ ಮೇಲೆಯೇ ಬರೆದಿರುತ್ತದೆ, ಅದನ್ನು ಕಳೆದೆ. ಉಳಿದದ್ದು ನಾಲ್ಕು ಕಿಲೋ ಆರುನೂರು ಗ್ರಾಂ ಎಂದು ಎಲ್ಲರಿಗೂ ಕೇಳುವಂತೆ ಸಾರಿದೆ. ಆ ಕ್ಷಣ ನನಗೆ ಆದ ಹೆಮ್ಮೆಯನ್ನು ಈಗ ನೆನೆದರೆ ನಗೆ ಬರುತ್ತದೆ.

ಕಸ್ತೂರಿ ನಗಲಿಲ್ಲ. ಅವಳ ಮುಖ ಸಪ್ಪಗಾಯಿತು. ಅದಕ್ಕೆ ಕಾರಣವಿತ್ತು.

ಎರಡು ವರ್ಷದಿಂದ ಅವಳು ಮನೆಯಲ್ಲೇ ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಓಣಿಯವರಿಗೆ ಇಪ್ಪತ್ತು, ಬನಹಟ್ಟಿಯ ಒಬ್ಬ ಮಾಸ್ತರರ ಮನೆಗೆ ಮೂವತ್ತು, ಹೀಗೆ. ನಾನು ಅದನ್ನು ಅವಳ ಹವ್ಯಾಸ ಎಂದು ತಿಳಿದಿದ್ದೆ. ಗ್ಯಾಸಿನ ಗಲಾಟೆ ಶುರುವಾಗುವ ಮೊದಲು ಲೋಕಾಪುರದಿಂದ ಗಂಗವ್ವ ಎಂಬವರು ಬಂದಿದ್ದರು. ಯಾರದೋ ಮನೆಯ ಬಸುರಿ ಹೆಣ್ಣುಮಗಳ ಕುಬಸದ ಊಟದಲ್ಲಿ ಕಸ್ತೂರಿಯ ರೊಟ್ಟಿ ತಿಂದಿದ್ದರಂತೆ. “ಹಾಳೀಹಂಗ ತೆಳ್ಳಗ, ಆದ್ರ ಒಂದೂ ಮುರದಿದ್ದಿಲ್ಲ ನೋಡವಾ. ನಮ್ಮ ಮಗಳ ಲಗ್ನಕ್ಕ ನಿನ್ನ ಕೈಯಾನ ಐನೂರು ರೊಟ್ಟಿ ಆಗಬೇಕು” ಎಂದರು. ಕಸ್ತೂರಿ ನನ್ನ ಮುಖ ನೋಡದೆ, ಅವ್ವನ ಮುಖ ನೋಡದೆ, “ಆತ್ರಿ ಅಕ್ಕಾರ, ಮಾಡಿ ಕೊಡ್ತೇನಿ” ಎಂದುಬಿಟ್ಟಳು. ಅವಳು ಹಾಗೆ ಒಬ್ಬಳೇ ನಿಂತು ಯಾರಿಗೂ ಮಾತು ಕೊಟ್ಟದ್ದನ್ನು ನಾನು ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ. ಆ ದಿನ ಸಂಜೆ ಅವಳು ಜೋಳ ಹಸನು ಮಾಡುತ್ತ ತನ್ನಷ್ಟಕ್ಕೆ ತಾನು ಹಾಡುತ್ತಿದ್ದಳು.

ಲಗ್ನಕ್ಕೆ ಇನ್ನು ಇಪ್ಪತ್ತೆರಡು ದಿನ ಇತ್ತು. ಸಿಲಿಂಡರಿನಲ್ಲಿ ನಾಲ್ಕು ಕಿಲೋ ಆರುನೂರು ಗ್ರಾಂ ಇತ್ತು. ಹೊಸದು ಯಾವಾಗ ಬರುತ್ತದೆ ಎಂದು ಕೇಳಿದರೆ, “ಮೆಸೇಜ್ ಬರ್ತೈತಿ, ಬಂದ ಮ್ಯಾಲ ಬರ್ತೈತಿ” ಎನ್ನುತ್ತಿದ್ದರು. ನಾನೇ ಸ್ವತಃ ನನ್ನ ಫೋನಿನಿಂದ ಬುಕ್ ಮಾಡಿದೆ. ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ಏನೇನೋ ಹೇಳಿದಳು, ನಾನು ಒಂದು ಒತ್ತಿದೆ, ಎರಡು ಒತ್ತಿದೆ, ಕೊನೆಗೆ ಅವಳು ಧನ್ಯವಾದ ಎಂದಳು. ಧನ್ಯವಾದ ಎಂದ ಮೇಲೆ ಬುಕ್ ಆದಂತೆಯೇ ಎಂದು ಸಮಾಧಾನದಿಂದ ಕುಳಿತೆ.

ಆಗ ಹುಟ್ಟಿದ್ದು ಈ ಪಟ್ಟಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಗ್ಯಾಸ್ ಇದ್ದಷ್ಟು ಅಡಿಗೆ ಮಾಡಬೇಕು, ಅದಕ್ಕೆ ಯಾವುದು ಮುಖ್ಯ ಯಾವುದು ಅಮುಖ್ಯ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು ಎಂದು ಮನೆಮಂದಿಯನ್ನು ಕೂರಿಸಿಕೊಂಡು ಹೇಳಿದೆ. ಮನೆಮಂದಿ ಎಂದರೆ ಅವ್ವ ಜಪಮಣಿ ಹಿಡಿದು ಕುಳಿತಿದ್ದಳು, ಕಸ್ತೂರಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನ್ನ ಅಕ್ಷರ ಮೊದಲಿನಿಂದಲೂ ದುಂಡು. ಸಾಲೆಯಲ್ಲಿ ಕರಿಹಲಗೆಯ ಮೇಲೆ ಸುವಿಚಾರ ಬರೆಯುವ ಕೆಲಸ ನನ್ನದೇ ಆಗಿತ್ತು, ಸುವಿಚಾರದಂತೆ ನಡೆಯುವ ಕೆಲಸ ಮಾತ್ರ ಬೇರೆಯವರದು.

ಮೊದಲನೆಯದು ಅವ್ವನ ಹಾಲು. ಇದರಲ್ಲಿ ಯಾರದೂ ತಕರಾರಿಲ್ಲ. ಎರಡನೆಯದು ಚಹಾ. ‘ಚಹಾ’ ಎಂದಷ್ಟೇ ಬರೆದರೆ ಸ್ವಾರ್ಥ ಎನಿಸೀತೆಂದು ‘ಮುಂಜಾನೆಯ ಚಹಾ (ಎಲ್ಲರಿಗೂ)’ ಎಂದು ಬರೆದೆ. ಅವ್ವ ಚಹಾ ಕುಡಿಯುವುದಿಲ್ಲ, ಕಸ್ತೂರಿ ಕುಡಿದರೆ ಕುಡಿದಳು ಬಿಟ್ಟರೆ ಬಿಟ್ಟಳು. ಮೂರನೆಯದು ಅನ್ನ, ನಾಲ್ಕನೆಯದು ಬೇಳೆ. ಐದನೆಯದು ‘ಮಧ್ಯಾಹ್ನದ ಚಹಾ (ಮಗ್ಗ ನಡೆಯುವ ದಿನ ಮಾತ್ರ)’. ಮಗ್ಗ ದಿನಾ ನಡೆಯುತ್ತದೆ ಎಂಬುದನ್ನು ನಾನು ಬರೆಯಲಿಲ್ಲ. ಹೀಗೆ ಪಲ್ಯ, ಒಗ್ಗರಣೆ, ಯಾರಾದರೂ ಬಂದರೆ ಉಪ್ಪಿಟ್ಟು, ವಾರಕ್ಕೊಮ್ಮೆ ಹಪ್ಪಳ ಎಂದೆಲ್ಲ ಆಗಿ ಹನ್ನೊಂದಕ್ಕೆ ಬಂದಾಗ ಹಾಳೆಯಲ್ಲಿ ಒಂದೇ ಸಾಲಿಗೆ ಜಾಗ ಉಳಿದಿತ್ತು. ಅಲ್ಲಿ ‘ಲೋಕಾಪುರದ ರೊಟ್ಟಿ (ಗ್ಯಾಸ್ ಉಳಿದರೆ)’ ಎಂದು ಬರೆದು ಮುಗಿಸಿದೆ. ಹಪ್ಪಳದ ಕೆಳಗೆ.

ಕಸ್ತೂರಿ ಸೆರಗಿಗೆ ಕೈ ಒರೆಸಿಕೊಂಡು ಹಾಳೆ ಇಸಿದುಕೊಂಡಳು. ಮೇಲಿಂದ ಕೆಳಗಿನವರೆಗೆ ಓದಿದಳು. ಕೊನೆಯ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದಳು.

“ಅಕ್ಷರ ಛಲೋ ಬಂದಾವ್ರಿ” ಎಂದು ಹೇಳಿ ಬೆಳ್ಳುಳ್ಳಿ ಸುಲಿಯಲು ಕುಳಿತಳು.

ನಾನು ಅದನ್ನು ಪ್ರಶಂಸೆ ಎಂದೇ ತಿಳಿದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ.

ಮರುದಿನದಿಂದ ದಿನಾ ಮುಂಜಾನೆ ಸಿಲಿಂಡರಿನ ತೂಕ. ಸ್ನಾನ ಆದ ಕೂಡಲೇ, ಹಣೆಗೆ ವಿಭೂತಿ ಹಚ್ಚಿಕೊಂಡು, ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರನ್ನು ಮಗ್ಗದ ಮನೆಗೆ ಹೊತ್ತು ತಂದು ಕಾಟಾಕ್ಕೆ ಸಿಕ್ಕಿಸುವುದು. ನಿನ್ನೆ ಇಷ್ಟು, ಇಂದು ಇಷ್ಟು, ಹಾಗಾದರೆ ಉರಿದದ್ದು ಇಷ್ಟು. ಒಂದು ಚಹಾಕ್ಕೆ ಇಪ್ಪತ್ತು ಗ್ರಾಂ ಹೋಗುತ್ತದೆ ಎಂದು ಕಂಡುಹಿಡಿದೆ. ಬೇಳೆ ರಾತ್ರಿ ನೆನೆಹಾಕಿದರೆ ಅರ್ಧ ಗ್ಯಾಸು ಉಳಿಯುತ್ತದೆ, ಪಾತ್ರೆಗೆ ಮುಚ್ಚಳ ಮುಚ್ಚಬೇಕು, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಬೇಕು ಎಂದು ಕಸ್ತೂರಿಗೆ ತಿಳಿಸಿ ಹೇಳಿದೆ. ಮೂವತ್ತು ವರ್ಷ ಅಡಿಗೆ ಮಾಡಿದವಳಿಗೆ ಮುಚ್ಚಳ ಮುಚ್ಚಲು ಕಲಿಸಿದ ಗಂಡಸು ನಾನು. ಅವಳು “ಹೂಂನ್ರಿ” ಎನ್ನುತ್ತಿದ್ದಳು. ಅವಳ ಹೂಂನಲ್ಲಿ ಹದಿನಾರು ನಮೂನೆ ಇವೆ. ಇದು ಯಾವ ನಮೂನೆ ಎಂದು ನಾನು ಗಮನಿಸಬೇಕಿತ್ತು.

ಆರನೆಯ ದಿನ ತೂಕದಲ್ಲಿ ಮುನ್ನೂರು ಗ್ರಾಂ ಕಡಿಮೆ ಬಂತು. ದಿನದ ಖರ್ಚು ಕಳೆದು, ಮೇಲೆ ಮುನ್ನೂರು! ಇನ್ನೊಮ್ಮೆ ತೂಗಿದೆ. ಅಷ್ಟೇ ಬಂತು. ಕೊಕ್ಕೆ ಒರೆಸಿ ತೂಗಿದೆ. ಅಷ್ಟೇ. ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

“ಕಸ್ತೂರಿ, ಮುನ್ನೂರು ಗ್ರಾಂ ಎಲ್ಲಿ ಹೋತು?”

“ರಾತ್ರಿ ನಾಕ ಹನಿ ಮಳಿ ಬಿದ್ದಿತ್ತಲ್ರಿ? ಹವಾ ಹಿಡದು ತೂಕ ಹೆಚ್ಚುಕಡಿಮಿ ಆಗಿರಬೇಕು” ಎಂದಳು. ಹಸಿ ಗಾಳಿಗೆ ನೂಲಿನ ತೂಕ ಏರುತ್ತದೆ ಎಂಬುದು ನಮ್ಮಲ್ಲಿ ಸಣ್ಣ ಕೂಸಿಗೂ ಗೊತ್ತು. ನನಗೆ ನಾಚಿಕೆಯ ಮಾತೆಂದರೆ, ಒಂದು ಗಳಿಗೆ ನಾನು ಅದನ್ನು ನಂಬಿ, ಕಬ್ಬಿಣದ ಸಿಲಿಂಡರನ್ನು ಬಿಸಿಲಿಗೆ ಒಣಗಿಸಿ ತೂಗಲೇ ಎಂದು ವಿಚಾರ ಮಾಡಿದೆ. ಆಮೇಲೆ ಅವಳ ಮುಖ ನೋಡಿದೆ. ಚೇಷ್ಟೆ ಮಾಡುತ್ತಿದ್ದಾಳೆ ಎಂದು ತಿಳಿದು ಸಿಟ್ಟು ಬಂತು.

“ಹುಡಗಾಟ ಬ್ಯಾಡ. ನಿನಗ ಕೊಟ್ಟಿದ್ದೆಷ್ಟು, ನೀ ಉರಿಸಿದ್ದೆಷ್ಟು? ಲೆಕ್ಕಾ ಹತ್ತವಲ್ದು. ಉಳದದ್ದು ಎಲ್ಲಿ ಹೋತು, ಹೇಳು.”

ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತಳು. ಮೂಲೆಯಲ್ಲಿದ್ದ ಬಿದಿರಿನ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಒಳಗೆ ಅರವತ್ತು ರೊಟ್ಟಿ ಇದ್ದವು, ನಾನು ಏಳುವ ಮೊದಲು ಬಡಿದವು.

“ಇಲ್ಲಿ ಹೋಗ್ಯಾವ್ರಿ” ಎಂದಳು. “ತೂಗಿ ನೋಡಬೇಕಾಗಿದ್ರ ಇವನ್ನೂ ತೂಗ್ರಿ.” ದನಿ ಏರಿರಲಿಲ್ಲ. ಆದರೆ ಕಣ್ಣು ತುಂಬಿದ್ದವು.

ನನಗೆ ಆಗ ನನ್ನ ಅಪ್ಪ ನೆನಪಾದ. ನಾನು ಸಾಲೆಯ ಎರಡನೇ ಇಯತ್ತೆಯಲ್ಲೋ ಮೂರನೇ ಇಯತ್ತೆಯಲ್ಲೋ ಇದ್ದಾಗ ಅವನ ಜೊತೆ ಸೀರೆ ಕೊಡಲು ಹೋಗುತ್ತಿದ್ದೆ. ಆಗ ಕೈಮಗ್ಗ. ಸಾವಕಾರರು ನೂಲು ತೂಗಿ ಕೊಡುತ್ತಿದ್ದರು, ಸೀರೆ ತೂಗಿ ತೊಗೊಳ್ಳುತ್ತಿದ್ದರು. ಅವರ ಅಂಗಡಿಯ ಗಾದಿ, ಲೋಡು, ಗಂಧದ ಕಡ್ಡಿಯ ವಾಸನೆ, ನನ್ನ ಕೈಗೆ ಅವರು ಕೊಡುತ್ತಿದ್ದ ಪುಠಾಣಿ, ಎಲ್ಲ ನೆನಪಿವೆ. ಒಂದು ಸಲ ಸೀರೆಯ ತೂಕ ಕಡಿಮೆ ಬಂತು. ಸಾವಕಾರರು ಬೈಯಲಿಲ್ಲ, ಕೂಗಲಿಲ್ಲ. ಬಹಳ ಮೆತ್ತಗೆ, “ಕೊಟ್ಟಿದ್ದೆಷ್ಟು, ಬಂದದ್ದೆಷ್ಟು? ಉಳದದ್ದು ಎಲ್ಲಿ ಹೋತಪಾ?” ಎಂದು ಕೇಳಿದರು. ಇಲಿ ಕಡಿದ ನೂಲಿನ ಲಡಿಯನ್ನು ಅಪ್ಪ ಎಸೆದಿದ್ದ, ಕಸರು ಎಂದು ಕೂಡಿಡಲು ಮರೆತಿದ್ದ. ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೆಬ್ಬೆರಳಿನಿಂದ ಸೀರೆಯ ಅಂಚು ತಿಕ್ಕುತ್ತ ನಿಂತ. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ, ಮನೆಗೆ ಬಂದು ಊಟಕ್ಕೂ ಏಳಲಿಲ್ಲ. ಅಪ್ಪ ಕಳ್ಳನಲ್ಲ ಎಂದು ನನಗೆ ಗೊತ್ತಿತ್ತು, ಆದರೂ ನನಗೆ ಆ ಪುಠಾಣಿ ನುಂಗಲಾಗಿರಲಿಲ್ಲ.

ಈಗ ಅದೇ ಮಾತನ್ನು, ಅದೇ ಧಾಟಿಯಲ್ಲಿ, ನಾನು ನನ್ನ ಹೆಂಡತಿಗೆ ಅವಳ ಅಡಿಗೆಮನೆಯಲ್ಲಿ ನಿಂತು ಕೇಳಿದ್ದೆ. ನನಗೆ ಬಹಳ ಕೆಟ್ಟದೆನಿಸಿತು. ತಪ್ಪಾಯಿತು ಎಂದು ಹೇಳಬೇಕಿತ್ತು. ಆದರೆ ಗಂಡಸಿನ ನಾಲಿಗೆ ಅಂಥ ವೇಳೆಗೆ ಸರಿಯಾಗಿ ಅಂಗುಳಿಗೆ ಅಂಟಿಕೊಳ್ಳುತ್ತದೆ. ಸಿಲಿಂಡರ್ ತಂದು ಜೋಡಿಸಿ, ಮಗ್ಗದ ಮುಂದೆ ಹೋಗಿ ಕುಳಿತೆ.

ನನ್ನ ಪುಣ್ಯಕ್ಕೆ ಅವ್ವ ಪಡಸಾಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಕಿವಿ ಮಂದ ಎಂದು ನಾವು ಅಂದುಕೊಂಡಿದ್ದೇವೆ, ಅದು ಅವಳಿಗೆ ಅನುಕೂಲವೂ ಆಗಿದೆ. ಮಧ್ಯಾಹ್ನ ಉಣ್ಣಲು ಕುಳಿತಾಗ ಕೇಳಿದಳು: “ತಮ್ಮಾ, ಚಿಮಣಿ ಎಣ್ಣಿ ಸಿಗತಿದ್ದಿಲ್ಲಲ್ಲ, ಆಗ ನಮ್ಮ ಮನ್ಯಾಗ ದೀಪ ಎಲ್ಲಿ ಇಡತಿದ್ವಿ ನೆನಪೈತೇನ?”

“ಮಗ್ಗದ ಮ್ಯಾಲ.”

“ಯಾಕಲೇ? ಅಡಗಿಮನ್ಯಾಗ ಯಾಕ ಇಡಲಿಲ್ಲ? ದೇವರ ಮುಂದ ಯಾಕ ಇಡಲಿಲ್ಲ?”

ನನಗೆ ಎಲ್ಲ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ರೇಷನ್ನಿನಲ್ಲಿ ಎರಡು ಲೀಟರ್ ಸೀಮೆಎಣ್ಣೆ ಬಂದರೆ ತಿಂಗಳೆಲ್ಲ ಅದೇ. ಕರೆಂಟು ಬೀದಿಗೆ ಬಂದಿತ್ತು, ಮನೆಗೆ ಬಂದಿರಲಿಲ್ಲ. ಮನೆಗೆಲ್ಲ ಒಂದೇ ಕಂದೀಲು. ಸಂಜೆಯಾದರೆ ಅದು ಅಪ್ಪನ ಮಗ್ಗದ ಗಳಕ್ಕೆ ತೂಗುಬೀಳುತ್ತಿತ್ತು. ಅದು ಕುಣಿಮಗ್ಗ, ಅಪ್ಪ ತಗ್ಗಿನೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಆ ತಗ್ಗಿನ ಅಂಚಿಗೆ ನಾನು ಪಾಟಿ ಹಿಡಿದು ಕೂರುತ್ತಿದ್ದೆ. ಅವ್ವ ಈ ಕಡೆ ಕುಳಿತು ಜೋಳ ಆರಿಸುತ್ತಿದ್ದಳು. ಲಾಳಿ ಆ ಕಡೆ ಈ ಕಡೆ ಓಡಿದಾಗಲೆಲ್ಲ ನನ್ನ ಪಾಟಿಯ ಮೇಲೆ ನೆರಳು ಹಾಯುತ್ತಿತ್ತು. ಮಗ್ಗಿ ನಾನು ಕಲಿತದ್ದೇ ಮಗ್ಗದ ಬಡಿತಕ್ಕೆ. ಈಗಲೂ ಹದಿಮೂರರ ಮಗ್ಗಿ ಹೇಳುವಾಗ ನನ್ನ ಎಡಗಾಲು ಅಲುಗುತ್ತದೆ, ಬೇಕಾದರೆ ಬಂದು ನೋಡಿ.

“ದೀಪ ಒಂದ ಇತ್ತು” ಎಂದಳು ಅವ್ವ. “ಮಾತ ಕೊಟ್ಟ ಕೆಲಸ ಯಾವದೈತಿ, ಅದರ ಮುಂದ ದೀಪ ಇಡತಿದ್ವಿ. ಉಳದಾವ್ರೆಲ್ಲ ಅದರ ಬಾಜೂಕ ಬಂದ ಕುಂಡ್ರತಿದ್ವಿ. ನಿಮ್ಮಪ್ಪಗ ಬೆಳಕ ಸಿಕ್ತು, ನನಗೂ ಸಿಕ್ತು, ನಿನಗೂ ಸಿಕ್ತು. ಯಾರಿಗಿ ಕಡಿಮಿ ಬಿತ್ತು?” ಆಮೇಲೆ ತಾಟಿನಲ್ಲಿದ್ದ ಮಜ್ಜಿಗೆ ಎತ್ತಿ ಕುಡಿದು, “ನೀ ಚಾದ ಮುಂದ ದೀಪ ಇಟ್ಟೀದಿ ನೋಡು” ಎಂದಳು.

ಕಸ್ತೂರಿ ಅನ್ನ ಬಡಿಸುತ್ತಿದ್ದವಳು ಮುಖ ಆ ಕಡೆ ತಿರುಗಿಸಿದಳು. ನಗುತ್ತಿದ್ದಳೆಂದು ಅವಳ ಹೆಗಲಿನಿಂದ ತಿಳಿಯಿತು. ನನಗೆ ಎಷ್ಟೋ ಹಗುರಾಯಿತು. ಎದ್ದು ಬಾಗಿಲಿನ ಪಟ್ಟಿ ಕಿತ್ತು, ಮಡಚಿ ಟ್ರಂಕಿಗೆ ಒಗೆದೆ. “ನಾಳಿಂದ ಮೊದಲ ರೊಟ್ಟಿ” ಎಂದೆ. ತಪ್ಪಾಯಿತು ಎನ್ನುವುದಕ್ಕೆ ನನಗೆ ಬಂದ ಅತ್ಯಂತ ಹತ್ತಿರದ ಮಾತು ಅದು.

ಮರುದಿನದಿಂದ ನಮ್ಮ ಮನೆಯ ಅಡಿಗೆ ಬೇರೆ ರೀತಿ ನಡೆಯಿತು. ದಿನಕ್ಕೆ ಒಂದೇ ಸಲ ಒಲೆ ಹೊತ್ತಿಸುವುದು, ಮುಂಜಾನೆ, ರೊಟ್ಟಿಗೆ. ಹಂಚು ಕಾದ ಮೇಲೆ ಆ ಕಾವು ಆರಲು ಬಿಡದಂತೆ ಕಸ್ತೂರಿ ಒಂದರ ಹಿಂದೊಂದು ಬಡಿದು ಹಾಕುತ್ತಿದ್ದಳು. ರೊಟ್ಟಿಯ ನಡುನಡುವೆ ಹಂಚಿನ ಅಂಚಿಗೆ ಬದನೆಕಾಯಿ, ಹಸಿಮೆಣಸಿನಕಾಯಿ ಸುಟ್ಟುಕೊಳ್ಳುತ್ತಿದ್ದವು. ಕೊನೆಯ ರೊಟ್ಟಿ ತೆಗೆದ ಮೇಲೆ ಉರಿ ಆರಿಸಿ, ಅದೇ ಕಾದ ಹಂಚಿನ ಮೇಲೆ ಅವ್ವನ ಹಾಲಿನ ಪಾತ್ರೆ. ಹಾಲು ಇಳಿದ ಮೇಲೆ, ಹಂಚಿನಲ್ಲಿ ಏನಾದರೂ ಬಿಸಿ ಉಳಿದಿದ್ದರೆ, ನನ್ನ ಚಹಾ. ಅದು ಬೆಚ್ಚಗಿರುತ್ತಿತ್ತು ಎಂದಷ್ಟೇ ಹೇಳಬಲ್ಲೆ. ಸಕ್ಕರೆ ತಳದಲ್ಲಿ ಕರಗದೆ ಉಳಿಯುತ್ತಿತ್ತು. ಬೀಳಗಿ ಬಾಡಗಂಡಿಯ ಕಡೆ ಕಬ್ಬು ಬೆಳೆದು ಸಕ್ಕರೆ ಮಾಡುವ ಮಂದಿ ನೋಡಿದರೆ ನೊಂದುಕೊಳ್ಳುವಂಥ ಚಹಾ.

ಕಡಕ್ ಆಗುವವರೆಗೆ ಹಂಚಿನ ಮೇಲೆಯೇ ಇಟ್ಟರೆ ಗ್ಯಾಸ್ ಸಾಲದು ಎಂದು ಕಸ್ತೂರಿ ಇನ್ನೊಂದು ಉಪಾಯ ತೆಗೆದಳು. ಬೆಂದ ಕೂಡಲೇ ಇಳಿಸಿ, ಮೇಲ್ಛಾವಣಿಯಲ್ಲಿ ಹಳೆಯ ಸೀರೆ ಹಾಸಿ ಬಿಸಿಲಿಗೆ ಹರಡುವುದು. ನಮ್ಮ ಊರಲ್ಲಿ ಯಾವುದಕ್ಕೆ ತುಟಾಗ್ರತೆ ಬಂದರೂ ಬಿಸಿಲಿಗೆ ಬಂದಿಲ್ಲ. ಆದರೆ ರೊಟ್ಟಿ ಕಾಯಲು ಒಬ್ಬರು ಬೇಕಲ್ಲ? ಕರೆಂಟ್ ಹೋಗಿ ಮಗ್ಗ ನಿಂತ ಹೊತ್ತೆಲ್ಲ ನಾನು ತಲೆಗೆ ಟಾವೆಲ್ ಸುತ್ತಿ, ಕೋಲು ಹಿಡಿದು, ಮಾಳಿಗೆಯ ಮೇಲೆ ಕಾಗೆ ಓಡಿಸುತ್ತ ಕೂರತೊಡಗಿದೆ. ಬಸಪ್ಪಣ್ಣ ತನ್ನ ಮಾಳಿಗೆಯಿಂದ ನೋಡಿ, “ಏನಪಾ, ಹೊಸಾ ನೌಕರಿ?” ಎಂದು ಕೂಗಿದ. “ಹೂಂ, ಪಗಾರ ಇಲ್ಲ, ಮುರದ ರೊಟ್ಟಿ ಅಷ್ಟ ಕೊಡ್ತಾರ” ಎಂದೆ. ಖರೆ ಹೇಳಬೇಕೆಂದರೆ ನನಗೆ ಆ ನೌಕರಿ ಹಿಡಿಸಿತ್ತು. ಅಷ್ಟೊಂದು ರೊಟ್ಟಿ ಒಮ್ಮೆಗೇ ಬಿಸಿಲಿಗೆ ಒಣಗುವಾಗ ಸಣ್ಣಗೆ ಚಟಚಟ ಸದ್ದು ಮಾಡುತ್ತವೆ. ಅಂಚು ಮೇಲೇಳುತ್ತದೆ. ಹುರಿದ ಜೋಳದ ವಾಸನೆ ಓಣಿಯೆಲ್ಲ ಹರಡುತ್ತದೆ. ಮುರಿದದ್ದು ಒಂದೆರಡು ನನ್ನ ಪಾಲಿಗೆ ಬರುತ್ತಿದ್ದವು, ಮೂರನೆಯದನ್ನು ನಾನೇ ಸ್ವಲ್ಪ ಒತ್ತಿ ಮುರಿಯುತ್ತಿದ್ದೆ. ಸಂಜೆ ಕಸ್ತೂರಿ ಮೇಲೆ ಬಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಬುಟ್ಟಿಗೆ ಜೋಡಿಸುವಾಗ ನಾವಿಬ್ಬರೂ ಸುಮ್ಮನೆ ಕೂರುತ್ತಿದ್ದೆವು. ಮದುವೆಯಾದ ಹೊಸದರಲ್ಲಿಯೂ ಹಾಗೆ ಬಹಳ ಹೊತ್ತು ಒಟ್ಟಿಗೆ ಕೂತಿರಲಿಲ್ಲ ನಾವು.

ಈ ನಡುವೆ ನಾನು ದಿನಾ ಫೋನ್ ನೋಡುತ್ತಿದ್ದೆ, ಮೆಸೇಜ್ ಬಂತೇ ಎಂದು. ಸಾಲ ಬೇಕೇ ಎಂದು ಬರುತ್ತಿತ್ತು, ಹಲ್ಲು ತೋರಿಸಿಕೊಳ್ಳಿ ಎಂದು ಬರುತ್ತಿತ್ತು, ಗ್ಯಾಸಿನದು ಮಾತ್ರ ಬರಲಿಲ್ಲ. “ಮಂದಿಗೆ ಬರಾಕತ್ತಾವ, ನಮಗ ಬರವಲ್ದು” ಎಂದು ಚಡಪಡಿಸುತ್ತಿದ್ದೆ. ಕಸ್ತೂರಿ, “ಬರ್ತೈತಿ ತಗೋರಿ” ಎನ್ನುತ್ತಿದ್ದಳು.

ಲಗ್ನಕ್ಕೆ ಎರಡು ದಿನ ಇರುವಾಗ ಬುಟ್ಟಿಯಲ್ಲಿ ನಾನೂರಾ ಮೂವತ್ತು ರೊಟ್ಟಿ ಇದ್ದವು. ಇನ್ನು ಎಪ್ಪತ್ತು ಬೇಕು. ಮರುದಿನ ಮುಂಜಾನೆ ಲೋಕಾಪುರದಿಂದ ಗಾಡಿ ಬರುವುದಿತ್ತು. ಆ ದಿನ ಹನ್ನೆರಡು ರೊಟ್ಟಿ ಆಗುವಷ್ಟರಲ್ಲಿ ಉರಿ ಕುಣಿಯತೊಡಗಿತು, ಕೆಂಪಾಯಿತು, ಪುಸ್ ಎಂದು ಆರಿಹೋಯಿತು. ಕಸ್ತೂರಿ ಒಂದು ರೊಟ್ಟಿ ಅರ್ಧ ಬಡಿದಿದ್ದಳು. ಅದರ ಮೇಲೆ ಕೈ ಇಟ್ಟುಕೊಂಡು ಹ್ಯಾಗಿದ್ದಳೋ ಹಾಗೇ ಕುಳಿತಳು. ನಾನು ಸಿಲಿಂಡರ್ ಅಲುಗಾಡಿಸಿದೆ, ಓರೆ ಮಾಡಿದೆ, ಬಸಪ್ಪಣ್ಣನ ಹಾಗೆ ಅಪ್ಪಿಕೊಂಡೂ ನೋಡಿದೆ. ಏನೂ ಆಗಲಿಲ್ಲ. “ಬಸಪ್ಪಣ್ಣನ ಮನ್ಯಾಗ ಕೇಳಲೇನ?” ಎಂದೆ. “ಅವರದು ಹೋದ ವಾರನ ಮುಗದೈತ್ರಿ” ಎಂದಳು. ಹಿಟ್ಟಿನ ಮುದ್ದೆಗೆ ಹಸಿ ಬಟ್ಟೆ ಮುಚ್ಚಿದಳು. ಐವತ್ತೆಂಟು ರೊಟ್ಟಿ ಉಳಿದಿದ್ದವು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಆ ಹೊತ್ತಿಗೇ ಓಣಿಯಲ್ಲಿ ಸಿಲಿಂಡರಿನ ಗಾಡಿಯ ಸಪ್ಪಳ ಕೇಳಿತು. ನಾನು ಬರಿಗಾಲಲ್ಲಿ ಹೊರಗೆ ಓಡಿದೆ. ಗಾಡಿ ನಮ್ಮ ಮನೆಯ ಮುಂದೆಯೇ ನಿಂತಿತು. ಇಳಿದವನು ಕೈಯಲ್ಲಿದ್ದ ಚೀಟಿ ನೋಡಿ, “ಕಸ್ತೂರಿಬಾಯಿ ಅಂದ್ರ ಯಾರ್ರಿ?” ಎಂದು ಕೇಳಿದ.

“ಇದ ಮನಿ. ಇಳಸು, ಇಳಸು.”

“ಅವರನ್ನ ಕರೀರಿ. ಅವರ ಫೋನಿಗೆ ನಂಬರ್ ಬಂದಿರ್ತೈತಿ, ಅದನ್ನ ಹೇಳಬೇಕು.”

“ಅವರ ಫೋನಿಗೆ ಯಾಕ ಬರ್ತೈತಿ? ಬುಕ್ ಮಾಡಿದಾಂವ ನಾನು. ಈ ಮನಿ ಯಜಮಾನ ನಾನು” ಎಂದೆ.

ಅವನು ಸಿಟ್ಟಾಗಲಿಲ್ಲ. ಇಂಥ ಯಜಮಾನರನ್ನು ದಿನಾ ನೋಡುವವನಂತೆ ಕಂಡ. “ಇರಬಹುದ್ರಿ” ಎಂದ. “ಗ್ಯಾಸಿನ ಯಜಮಾನ್ರು ಅವರು.”

ಕಸ್ತೂರಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಕಿಟಕಿಯ ಹತ್ತಿರ ಇಟ್ಟಿದ್ದ ತನ್ನ ಸಣ್ಣ ಫೋನ್ ತೆಗೆದು, ದೂರಕ್ಕೆ ಹಿಡಿದು, ನಾಲ್ಕು ಅಂಕಿ ಓದಿ ಹೇಳಿದಳು. ಅವನು ಬರೆದುಕೊಂಡು, ತುಂಬಿದ್ದನ್ನು ಇಳಿಸಿ, ಖಾಲಿಯದನ್ನು ಎತ್ತಿಕೊಂಡು ಹೋದ.

ಆಗ ನನಗೆ ಒಂದೊಂದಾಗಿ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಬೀಳಗಿಯಿಂದ ಅವಳ ಅಣ್ಣ ಬಂದು ಗ್ಯಾಸಿನ ಕಾಗದಪತ್ರ ಮಾಡಿಸಿಕೊಟ್ಟಿದ್ದ, ತಂಗಿಯ ಹೆಸರಿಗೆ. ಆವಾಗ ನಾನು ಮಗ್ಗದ ಮುಂದಿದ್ದೆ, “ಏನರ ಮಾಡ್ರಿ” ಎಂದಿದ್ದೆ. ಅಂದಿನಿಂದ ಬುಕ್ ಮಾಡಿದವಳು ಅವಳು, ಬಂದಾಗ ಇಳಿಸಿಕೊಂಡವಳು ಅವಳು. ನಾನು ನನ್ನ ಫೋನಿನಿಂದ ಯಾರಿಗೆ ಮಾಡಿದ್ದೆನೋ, ಆ ಹೆಣ್ಣುಮಗಳು ಯಾತಕ್ಕೆ ಧನ್ಯವಾದ ಹೇಳಿದಳೋ ದೇವರೇ ಬಲ್ಲ. ಅಂದರೆ ಅವಳ ಗ್ಯಾಸನ್ನು ಅವಳಿಗೇ ತೂಗಿ ಕೊಟ್ಟು, ಲೆಕ್ಕ ಕೇಳಿ, ಹಪ್ಪಳದ ಕೆಳಗೆ ಅವಳ ರೊಟ್ಟಿ ಬರೆದವನು ನಾನು.

ಒಳಗೆ ಬಂದೆ. ಅವಳು ಆಗಲೇ ಒಲೆ ಹೊತ್ತಿಸಿದ್ದಳು. ನೀಲಿ ಉರಿ ಹಂಚಿನ ಕೆಳಗೆ ನೆಟ್ಟಗೆ ನಿಂತಿತ್ತು. ಅರ್ಧಕ್ಕೆ ಬಿಟ್ಟ ರೊಟ್ಟಿಯನ್ನು ಅವಳು ಮತ್ತೆ ಬಡಿಯತೊಡಗಿದ್ದಳು.

“ನಿನ್ನ ಹೆಸರಿಲೆ ಐತಿ ಅಂತ ಅವತ್ತ ಹೇಳಬಾರದೇನ? ಮೆಸೇಜ್ ಬಂದದ್ದರ ಹೇಳಬಾರದೇನ?”

“ನೀವು ಪಟ್ಟಿ ಬರ್ಯಾಕತ್ತಿದ್ರಿ. ಕೆಲಸಾ ಕೆಡಿಸಬಾರದು ಅಂತ ಸುಮ್ನಾದ್ನಿ” ಎಂದಳು. “ಬುಕ್ ನಾ ಆವಾಗ ಮಾಡಿದ್ನಿ. ಮೆಸೇಜ್ ಇವತ್ತ ಮುಂಜಾನೆ ಬಂತ್ರಿ, ಗ್ಯಾಸ್ ಕಳಸ್ತೇವಿ ಅಂತ. ಇವತ್ತ ಬರ್ತೈತೋ ನಾಳಿ ಬರ್ತೈತೋ ನನಗೂ ಗೊತ್ತಿದ್ದಿಲ್ಲ. ಮತ್ತ ನೀವು ಕೇಳಲೂ ಇಲ್ಲಲ್ರಿ.”

ನಾನು ಬಾಗಿಲಿಗೆ ಒರಗಿ ನಿಂತೆ. ರೊಟ್ಟಿ ಹಂಚಿಗೆ ಬಿತ್ತು, ಉಬ್ಬಿತು, ತಿರುವಿದಳು. ಇನ್ನೊಂದು ಬಿತ್ತು. ಹದಿನೈದು ದಿನ ಬೆಚ್ಚಗಿನ ನೀರು ಕುಡಿದ ನಾಲಿಗೆಗೆ ಕುದಿಯುವ ಚಹಾದ ಆಸೆ ತಡೆಯಲಾಗಲಿಲ್ಲ. ಆದರೆ ಹೇಗೆ ಹೇಳುವುದು ಎಂದು ತಿಳಿಯದೆ, ಹೊಸದಾಗಿ ಬಂದ ಅಳಿಯನ ಹಾಗೆ ಎರಡು ಸಲ ಕೆಮ್ಮಿದೆ.

“ಕಸ್ತೂರಿ, ಈ ರೊಟ್ಟಿ ಎಲ್ಲಾ ಮುಗದ ಮ್ಯಾಲ... ಒಂದ ಕಪ್ ಚಾ ಕೇಳಲೇನ?”

ಅವಳು ತಿರುಗಿ ನೋಡಲಿಲ್ಲ. ಹಿಟ್ಟು ಉದುರಿಸಿ ಮುಂದಿನ ರೊಟ್ಟಿಗೆ ಕೈ ಹಾಕಿದಳು.

“ಕೇಳ್ರಿ” ಎಂದಳು. “ಕೇಳಾಕ ಗ್ಯಾಸ್ ಖರ್ಚ ಆಗೂದಿಲ್ಲ.”